ದೋಣಿಯಲ್ಲಿದ್ದವರ ಮುಖ

1977ನೇ ಇಸವಿ. ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್ ಬಂದರಿನ ಹತ್ತಿರ ಒಂದು ಹಳೇ ಮರದ ದೋಣಿ ಬರುತ್ತಿದೆ. ಅದರ ತುಂಬ ವಿಯೆಟ್ನಾಂ ಬಿಟ್ಟು ಬಂದ ಜನ. ಅವರಲ್ಲೊಬ್ಬ ಯುವಕ, ಜೊತೆಗೆ ಅವನ ಹೆಂಡತಿ. ಮುಂದೆ ಏನು ಕಾದಿದೆಯೋ ಅನ್ನುವ ಭಯ. ಅಷ್ಟರಲ್ಲಿ ಎದುರಿನಿಂದ ತಗಡಿನ ಪುಟ್ಟ ದೋಣಿಯೊಂದು ಬಂತು. ಮೀನು ಹಿಡಿಯಲು ಹೊರಟ ಇಬ್ಬರು ಗಂಡಸರು ಅದರಲ್ಲಿದ್ದರು. ಅವರು ಕೈ ಎತ್ತಿ, ಆಸ್ಟ್ರೇಲಿಯಾಗೆ ಸ್ವಾಗತ ಅಂತ ಕೂಗಿ ಹೇಳಿ, ತಮ್ಮ ಪಾಡಿಗೆ ಮೀನು ಹಿಡಿಯಲು ಹೋದರು.

ಆ ಯುವಕನ ಹೆಸರು ಹ್ಯೂ ವಾನ್ ಲೆ. 2014ರಲ್ಲಿ ಅವರು ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಗವರ್ನರ್ ಆದರು. ಏಳು ವರ್ಷ ಆ ಹುದ್ದೆಯಲ್ಲಿದ್ದರು. ಆ ಇಬ್ಬರು ಮೀನು ಹಿಡಿಯುವವರ ಕತೆಯನ್ನು ಅವರು ಮತ್ತೆ ಮತ್ತೆ ಹೇಳಿದ್ದಾರೆ. ಅವರ ಬಾಯಲ್ಲಿ ಅದನ್ನು ಕೇಳಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಅವರು ಗವರ್ನರ್ ಆದ ಅದೇ 2014ರ ಜನವರಿಯಲ್ಲಿ, ಇದೇ ಉತ್ತರದ ಸಮುದ್ರದಲ್ಲಿ, ಆಸ್ಟ್ರೇಲಿಯಾ ಸರ್ಕಾರ ದೋಣಿಯಲ್ಲಿ ಬಂದವರನ್ನು ಕಿತ್ತಳೆ ಬಣ್ಣದ ಮುಚ್ಚಿದ ಜೀವರಕ್ಷಕ ದೋಣಿಗಳಿಗೆ ಹತ್ತಿಸಿ ಇಂಡೋನೇಷ್ಯಾ ಕಡೆಗೆ ವಾಪಸ್ ಕಳಿಸುತ್ತಿತ್ತು. ದೇಶ ಅದೇ, ನೀರು ಅದೇ. ನಡುವೆ 37 ವರ್ಷ. ಅಷ್ಟರಲ್ಲಿ ಏನಾಯಿತು?

ಜನರ ಮನಸ್ಸು ಕಲ್ಲಾಯಿತು ಅಂತ ಕೆಲವರು ಹೇಳುತ್ತಾರೆ. ನಾನು ಹಾಗೆ ಅಂದುಕೊಂಡಿಲ್ಲ. ಬಂದವರ ಮುಖ ಜನರಿಗೆ ಕಾಣದ ಹಾಗೆ ಆಯಿತು ಅನ್ನುವುದು ನನ್ನ ಮಾತು. ಅದು ತಾನಾಗಿಯೇ ಆದದ್ದಲ್ಲ. ಮಾಡಿದ್ದು. ಹೇಗೆ ಮಾಡಿದರು ಅನ್ನುವುದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಅದಕ್ಕೆ ಮೊದಲು ಒಂದು ಪದದ ವಿಷಯ. ಇವರನ್ನು ಕನ್ನಡದಲ್ಲಿ ಏನಂತ ಕರೆಯಬೇಕು ಅಂತ ತುಂಬ ಯೋಚಿಸಿದೆ. ಪತ್ರಿಕೆಗಳಲ್ಲಿ ನಿರಾಶ್ರಿತರು ಅಂತ ಬರೆಯುತ್ತಾರೆ. ಅಂದರೆ ಆಶ್ರಯ ಇಲ್ಲದವರು. ಅವರ ಹತ್ತಿರ ಏನಿಲ್ಲ ಅನ್ನುವುದನ್ನು ಆ ಪದ ಹೇಳುತ್ತದೆ. ನಮ್ಮಲ್ಲಿ ಇನ್ನೊಂದು ಹಳೆಯ ಮಾತಿದೆ, ಮರೆಹೊಕ್ಕವರು. ಕಾಯಿರಿ ಅಂತ ಕೇಳಿಕೊಂಡು ಇನ್ನೊಬ್ಬರ ಬಾಗಿಲಿಗೆ ಬಂದವರು. ಈ ಪದದಲ್ಲಿ ಇಬ್ಬರಿದ್ದಾರೆ, ನೋಡಿ. ಬಂದವರು ಒಬ್ಬರು, ಬಾಗಿಲಲ್ಲಿ ನಿಂತವರು ಇನ್ನೊಬ್ಬರು. ಬಾಗಿಲಲ್ಲಿ ನಿಂತವರಿಗೂ ಒಂದು ಹೊಣೆ ಇದೆ ಅಂತ ಪದವೇ ಹೇಳುತ್ತದೆ. ನನಗೆ ಇದೇ ಸರಿ ಅನ್ನಿಸುತ್ತದೆ.

ಕಾನೂನು ಕೂಡ ಹೇಳುವುದು ಅದನ್ನೇ. 1951ರ ನಿರಾಶ್ರಿತರ ಒಪ್ಪಂದ ಜಾರಿಗೆ ಬರಲು ಆರು ದೇಶಗಳ ಒಪ್ಪಿಗೆ ಬೇಕಿತ್ತು. 1954ರಲ್ಲಿ ಆ ಆರನೆಯ ಒಪ್ಪಿಗೆ ಕೊಟ್ಟದ್ದು ಆಸ್ಟ್ರೇಲಿಯಾ. ಜೀವಭಯ ಇರುವ ಜಾಗದಿಂದ ನೇರವಾಗಿ ಬಂದು, ತಡಮಾಡದೆ ಅಧಿಕಾರಿಗಳ ಮುಂದೆ ನಿಂತು ಕಾರಣ ಹೇಳಿಕೊಂಡವರನ್ನು, ಪರವಾನಗಿ ಇಲ್ಲದೆ ಬಂದರು ಅನ್ನುವ ಕಾರಣಕ್ಕೆ ಶಿಕ್ಷಿಸಬಾರದು ಅಂತ ಅದರ 31ನೇ ವಿಧಿ ಹೇಳುತ್ತದೆ. ಜೀವ ಉಳಿಸಿಕೊಳ್ಳಲು ಓಡುವವರಿಗೆ ಪಾಸ್‌ಪೋರ್ಟ್ ಕಚೇರಿಯ ಮುಂದೆ ನಿಲ್ಲಲು ಆಗುವುದಿಲ್ಲ ಅನ್ನುವುದು ಅದನ್ನು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಯುರೋಪಿನ ಯುದ್ಧವನ್ನು ಆಗಷ್ಟೇ ಕಂಡವರು ಅವರು.

ವಿಯೆಟ್ನಾಂನವರ ಮೊದಲ ದೋಣಿ ಡಾರ್ವಿನ್‌ಗೆ ಬಂದದ್ದು 1976ರ ಏಪ್ರಿಲ್‌ನಲ್ಲಿ. ಅದರಲ್ಲಿದ್ದದ್ದು ಐದು ಜನ ಯುವಕರು. ಶಾಲೆಯ ಅಟ್ಲಾಸ್‌ನಿಂದ ಹರಿದ ಒಂದು ಹಾಳೆಯೇ ಅವರಿಗೆ ದಾರಿ ತೋರಿಸುವ ನಕ್ಷೆ. ಮುಂದಿನ ಐದು ವರ್ಷಗಳಲ್ಲಿ ಹೀಗೆ ಸುಮಾರು 2,000 ಜನ ಬಂದರು. ಆಗ ಎಲ್ಲರೂ ಖುಷಿಯಾಗಿದ್ದರು ಅಂತ ನಾನು ಹೇಳುತ್ತಿಲ್ಲ. ಭಯವೂ ಇತ್ತು, ವಿರೋಧವೂ ಇತ್ತು. ಬಿಳಿಯರಿಗೆ ಮಾತ್ರ ಈ ದೇಶ ಅನ್ನುವ ನೀತಿ ಮುಗಿದು ಆಗಿನ್ನೂ ಕೆಲವೇ ವರ್ಷ. ಆದರೆ ಪ್ರಧಾನಿ ಮಾಲ್ಕಮ್ ಫ್ರೇಸರ್ ಆ ಭಯವನ್ನು ವೋಟಿಗೆ ಬಳಸಲಿಲ್ಲ. ಮಲೇಷ್ಯಾ ಮುಂತಾದ ದೇಶಗಳ ಶಿಬಿರಗಳಿಗೆ ಅಧಿಕಾರಿಗಳನ್ನು ಕಳಿಸಿದರು. ಅಲ್ಲಿಯೇ ಅರ್ಜಿ ನೋಡಿ, ಅಲ್ಲಿಂದಲೇ ಸಾವಿರಾರು ಜನರನ್ನು ವಿಮಾನದಲ್ಲಿ ಕರೆತಂದರು. ಸುರಕ್ಷಿತವಾದ ದಾರಿ ಇದೆ ಅಂತಾದ ಮೇಲೆ ಸಮುದ್ರಕ್ಕೆ ಇಳಿಯುವವರು ಕಡಿಮೆಯಾದರು. 1981ರ ನಂತರ ಹಲವು ವರ್ಷ ದೋಣಿಗಳೇ ಬರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಕೊನೆಗೆ ಇಲ್ಲಿಗೇ ವಾಪಸ್ ಬರುತ್ತೇನೆ.

ಈಗ ಆಸ್ಟ್ರೇಲಿಯಾದಲ್ಲಿ ನೆಲೆಸಿದ ನಮ್ಮ ವಿಷಯಕ್ಕೆ ಬರೋಣ. ಇಲ್ಲಿ ಕೂತಿರುವ ಹೆಚ್ಚಿನವರು ವಿಮಾನದಲ್ಲಿ ಬಂದವರು. ಫಾರಂ ತುಂಬಿದ್ದೇವೆ, ಇಂಗ್ಲಿಷ್ ಪರೀಕ್ಷೆ ಬರೆದಿದ್ದೇವೆ, ಪಾಯಿಂಟ್ಸ್ ಲೆಕ್ಕ ಹಾಕಿದ್ದೇವೆ, ವರ್ಷಗಟ್ಟಲೆ ಕಾದಿದ್ದೇವೆ. ಹಾಗಾಗಿ ನಮ್ಮವರ ಬಾಯಲ್ಲೂ ಒಂದು ಮಾತು ಬರುತ್ತದೆ: ನಾವು ಕ್ಯೂನಲ್ಲಿ ನಿಂತು ಬಂದೆವು, ಅವರು ಕ್ಯೂ ಮುರಿದು ಬಂದರು. ಇದನ್ನು ಹೇಳುವವರು ಕೆಟ್ಟವರಲ್ಲ. ನ್ಯಾಯ ಅನ್ನುವುದು ಅವರಿಗೂ ಬೇಕು. ಅದಕ್ಕೇ ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು.

ನಾವು ನಿಂತ ಕ್ಯೂ ಬೇರೆ. ಅದು ಕೆಲಸದ, ಓದಿನ ಕ್ಯೂ. ಮರೆಹೊಕ್ಕವರು ಬಂದದ್ದರಿಂದ ನಮ್ಮಲ್ಲಿ ಒಬ್ಬರ ವೀಸಾ ಕೂಡ ಕಡಿಮೆಯಾಗಿಲ್ಲ. ಅವರ ಲೆಕ್ಕವೇ ಬೇರೆ. ಆ ಲೆಕ್ಕದಲ್ಲಿ ಒಂದು ಗಂಟು ಇದೆ. ಅದು ಜಾಸ್ತಿ ಜನಕ್ಕೆ ಗೊತ್ತಿಲ್ಲ. 1996ರಲ್ಲಿ ಸರ್ಕಾರ ಎರಡು ಸಂಖ್ಯೆಗಳನ್ನು ಒಂದಕ್ಕೊಂದು ಕಟ್ಟಿತು. ಹೊರದೇಶದ ಶಿಬಿರಗಳಿಂದ ಕರೆತರುವವರ ಸಂಖ್ಯೆ ಒಂದು. ಇಲ್ಲಿಗೆ ಬಂದು ಆಶ್ರಯ ಕೇಳಿ ಪಡೆದವರ ಸಂಖ್ಯೆ ಇನ್ನೊಂದು. ಇಲ್ಲಿ ಒಬ್ಬರಿಗೆ ಕೊಟ್ಟರೆ ಶಿಬಿರದಲ್ಲಿರುವ ಒಬ್ಬರ ಜಾಗ ಹೋಗುತ್ತದೆ, ಹಾಗೆ. ಆಮೇಲೆ, ನೋಡಿ, ಇವರು ಶಿಬಿರದ ಬಡವರ ಜಾಗ ಕದ್ದರು ಅಂದರು. ಆ ಜಾಗ ಹೋದದ್ದು ದೋಣಿಯಲ್ಲಿ ಬಂದವರಿಂದಲ್ಲ. ಎರಡು ಸಂಖ್ಯೆಗಳನ್ನು ಕಟ್ಟಿದ ಆ ಗಂಟಿನಿಂದ. ಸರ್ಕಾರ ಮನಸ್ಸು ಮಾಡಿದರೆ ಬಿಚ್ಚಬಹುದಾದ ಗಂಟು ಅದು.

ಇನ್ನೊಂದು ವಿಷಯ. ಪ್ರವಾಸಿ ವೀಸಾದಲ್ಲೋ ವಿದ್ಯಾರ್ಥಿ ವೀಸಾದಲ್ಲೋ ವಿಮಾನದಲ್ಲಿ ಬಂದಿಳಿದು ಆಮೇಲೆ ಆಶ್ರಯ ಕೇಳುವವರು ಯಾವಾಗಲೂ ಇದ್ದಾರೆ. ಅವರ ಅರ್ಜಿ ತೀರ್ಮಾನವಾಗುವವರೆಗೆ ಸಾಮಾನ್ಯವಾಗಿ ಹೊರಗೇ ಇರಬಹುದು. ದೋಣಿಯಲ್ಲಿ ಬಂದವರಿಗೆ ಹಾಗಲ್ಲ. 1992ರಲ್ಲಿ ಕೀಟಿಂಗ್ ಸರ್ಕಾರ ಅವರನ್ನು ಕಡ್ಡಾಯವಾಗಿ ಕೂಡಿಹಾಕುವ ಕಾನೂನು ತಂದಿತು. ಮೊದಲು ಅದಕ್ಕೆ 273 ದಿನಗಳ ಮಿತಿ ಇತ್ತು. 1994ರಲ್ಲಿ ಆ ಮಿತಿಯನ್ನೂ ತೆಗೆದರು. ಆದರೆ ಅರ್ಜಿಗಳನ್ನು ಪರಿಶೀಲಿಸಿದಾಗ, ನಿಜಕ್ಕೂ ಜೀವಭಯದಿಂದ ಬಂದವರ ಪ್ರಮಾಣ ದೋಣಿಯಲ್ಲಿ ಬಂದವರಲ್ಲೇ ಜಾಸ್ತಿ ಕಂಡಿತು. ಅಫ್ಘಾನಿಸ್ತಾನ, ಇರಾಕ್, ಇರಾನ್, ಶ್ರೀಲಂಕಾ, ಬರ್ಮಾದ ರೋಹಿಂಗ್ಯಾಗಳು. ಎಲ್ಲಿಂದ ಓಡಿಬಂದರು ಅಂತ ಪಟ್ಟಿ ನೋಡಿದರೇ ತಿಳಿಯುತ್ತದೆ, ಅಲ್ವಾ?

2001ರ ಆಗಸ್ಟ್‌ಗೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ಎಲ್ಲ ತಿರುಗಿದ್ದು ಇಲ್ಲಿ.

ಟ್ಯಾಂಪಾ ಅನ್ನುವ ನಾರ್ವೆ ದೇಶದ ಸರಕು ಹಡಗು ಇಂಡೋನೇಷ್ಯಾ ಮತ್ತು ಆಸ್ಟ್ರೇಲಿಯಾಕ್ಕೆ ಸೇರಿದ ಕ್ರಿಸ್‌ಮಸ್ ದ್ವೀಪದ ನಡುವೆ ಹೋಗುತ್ತಿತ್ತು. ಮುಳುಗುತ್ತಿರುವ ದೋಣಿ ಒಂದಿದೆ, ಸಹಾಯ ಮಾಡಿ ಅಂತ ಆಸ್ಟ್ರೇಲಿಯಾದ ರಕ್ಷಣಾ ಕೇಂದ್ರದಿಂದಲೇ ಕರೆ ಬಂತು. ನಾಯಕ ಆರ್ನೆ ರಿನ್ನನ್ ಹಡಗು ತಿರುಗಿಸಿ 433 ಜನರನ್ನು ಉಳಿಸಿದರು. ಹೆಚ್ಚಿನವರು ಅಫ್ಘಾನಿಸ್ತಾನದವರು. ಮಕ್ಕಳಿದ್ದರು, ಬಸುರಿಯರಿದ್ದರು. ಇವರನ್ನು ಕ್ರಿಸ್‌ಮಸ್ ದ್ವೀಪಕ್ಕೆ ತರುತ್ತೇನೆ ಅಂದರೆ ಸರ್ಕಾರ ಬೇಡ ಅಂದಿತು. ಕೆಲವು ದಿನ ಅಷ್ಟೂ ಜನ ಬಯಲಾದ ಡೆಕ್ ಮೇಲೆ ಕಂಟೇನರ್‌ಗಳ ನಡುವೆ ಇದ್ದರು. ಹಡಗು ಆಸ್ಟ್ರೇಲಿಯಾದ ನೀರಿಗೆ ಬಂದಾಗ ಕಮಾಂಡೋಗಳನ್ನು ಹತ್ತಿಸಿದರು. ಕೊನೆಗೆ ಕೆಲವರನ್ನು ನ್ಯೂಜಿಲೆಂಡ್ ಕರೆದುಕೊಂಡಿತು. ಉಳಿದವರು ನೌರು ಅನ್ನುವ ಪುಟ್ಟ ದ್ವೀಪ ದೇಶಕ್ಕೆ ಹೋದರು. ದೋಣಿಯಲ್ಲಿ ಬಂದವರನ್ನು ಪೆಸಿಫಿಕ್ ದ್ವೀಪಗಳಿಗೆ ಸಾಗಿಸಿ ಅಲ್ಲೇ ಇಡುವ ನೀತಿಯನ್ನು ಪೆಸಿಫಿಕ್ ಸಲ್ಯೂಷನ್ ಅಂತ ಕರೆದರಲ್ಲ, ಅದು ಶುರುವಾದದ್ದು ಹೀಗೆ.

ಆ ದಿನಗಳ ಟಿವಿ ನೆನಪಿರುವವರು ಇಲ್ಲಿ ಇರಬಹುದು. ಏನು ಕಂಡಿತು ನಿಮಗೆ? ದೂರದಲ್ಲಿ ಒಂದು ಕೆಂಪು ಹಡಗು. ಅಷ್ಟೇ. ಒಂದು ಮುಖವೂ ಕಾಣಲಿಲ್ಲ. ಇವರನ್ನು ಮನುಷ್ಯರಾಗಿ, ವ್ಯಕ್ತಿಗಳಾಗಿ ತೋರಿಸುವ ಚಿತ್ರ ಹೊರಗೆ ಬರಬಾರದು ಅಂತ ರಕ್ಷಣಾ ಸಚಿವರ ಕಚೇರಿಯಿಂದ ಸೂಚನೆ ಇತ್ತು ಅನ್ನುವುದು ಮರುವರ್ಷ ಸೆನೆಟ್ ವಿಚಾರಣೆಯಲ್ಲಿ ಹೊರಬಂತು. ಈ ಒಂದು ಸಂಗತಿಯನ್ನು ಮನೆಗೆ ತೆಗೆದುಕೊಂಡು ಹೋಗಿ. ಮುಖ ಕಂಡರೆ ಜನ ಕರಗುತ್ತಾರೆ ಅನ್ನುವುದು ಸರ್ಕಾರಕ್ಕೆ ಗೊತ್ತಿತ್ತು. ಜನರ ಒಳ್ಳೆಯತನದ ಮೇಲೆ ಅವರಿಗೆ ಅಷ್ಟು ನಂಬಿಕೆ ಇತ್ತು. ಅದಕ್ಕೇ ಮುಖ ಮುಚ್ಚಿದರು.

ಬರೀ ಮುಚ್ಚಿದ್ದಲ್ಲ. ಅಕ್ಟೋಬರ್‌ನಲ್ಲಿ, ಚುನಾವಣೆಗೆ ಒಂದು ತಿಂಗಳಿದ್ದಾಗ, ಇನ್ನೊಂದು ದೋಣಿಯವರು ತಮ್ಮ ಮಕ್ಕಳನ್ನೇ ಸಮುದ್ರಕ್ಕೆ ಎಸೆದರು ಅಂತ ಸಚಿವರು ಹೇಳಿದರು. ಸಾಕ್ಷಿ ಅಂತ ಫೋಟೋ ತೋರಿಸಿದರು. ನೀರಿನಲ್ಲಿ ತಾಯಂದಿರು, ಮಕ್ಕಳು. ಆ ಫೋಟೋಗಳು ತೆಗೆದದ್ದು ಮರುದಿನ, ದೋಣಿ ಮುಳುಗಿದಾಗ. ನೌಕಾಪಡೆಯ ಹುಡುಗ ಹುಡುಗಿಯರು ನೀರಿಗೆ ಹಾರಿ ಅವರನ್ನು ಉಳಿಸುತ್ತಿದ್ದ ಚಿತ್ರಗಳು ಅವು. ಯಾವ ಮಗುವನ್ನೂ ಯಾರೂ ಎಸೆದಿರಲಿಲ್ಲ ಅಂತ ಸೆನೆಟ್ ಸಮಿತಿ ಆಮೇಲೆ ಹೇಳಿತು. ಅಷ್ಟು ಹೊತ್ತಿಗೆ ಚುನಾವಣೆ ಮುಗಿದು ಪ್ರಧಾನಿ ಜಾನ್ ಹೋವರ್ಡ್ ಮತ್ತೆ ಗೆದ್ದಾಗಿತ್ತು. ಮಕ್ಕಳನ್ನು ಎಸೆಯುವಂಥ ಜನ ನಮಗೆ ಬೇಡ ಅನ್ನುವ ಮಾತು ಮಾತ್ರ ಮನೆಮನೆಯಲ್ಲಿ ಉಳಿದುಕೊಂಡಿತು. ಸುಳ್ಳನ್ನು ವಾಪಸ್ ತೆಗೆದುಕೊಳ್ಳಬಹುದು, ಅದು ಹುಟ್ಟಿಸಿದ ಅಸಹ್ಯವನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ.

ಅದೇ ತಿಂಗಳ 19ರಂದು ಇನ್ನೊಂದು ದೋಣಿ ಮುಳುಗಿತು. 353 ಜನ ಸತ್ತರು. ಅವರಲ್ಲಿ 146 ಮಕ್ಕಳು, 142 ಹೆಂಗಸರು, 65 ಗಂಡಸರು. ಯಾಕೆ ಇಷ್ಟೊಂದು ಹೆಂಗಸರು, ಮಕ್ಕಳು? ಅವರಲ್ಲಿ ಹಲವರ ಗಂಡಂದಿರು, ತಂದೆಯರು ಆಗಲೇ ಆಸ್ಟ್ರೇಲಿಯಾದಲ್ಲಿದ್ದರು. ಇವರಿಗೆ ನಿಜಕ್ಕೂ ಜೀವಭಯ ಇದೆ ಅಂತ ಸರ್ಕಾರವೇ ಒಪ್ಪಿ ಅವರಿಗೆ ವೀಸಾ ಕೊಟ್ಟಿತ್ತು. ಆದರೆ 1999ರಲ್ಲಿ ಬಂದ ಆ ತಾತ್ಕಾಲಿಕ ವೀಸಾದಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಹಾಗಿರಲಿಲ್ಲ. ಕಾನೂನಿನ ದಾರಿ ಮುಚ್ಚಿದಾಗ ಅವರು ಸಮುದ್ರದ ದಾರಿ ಹಿಡಿದರು.

ನನ್ನ ಮಾತನ್ನು ಒಪ್ಪದವರು ಇಲ್ಲಿದ್ದರೆ, ಅವರ ಅತಿ ಗಟ್ಟಿಯಾದ ವಾದವೂ ಇಲ್ಲೇ ಇದೆ. ದೋಣಿ ಅಂದರೆ ಸಾವು, ದೋಣಿ ನಿಲ್ಲಿಸಿದರೆ ಜೀವ ಉಳಿಯುತ್ತದೆ ಅನ್ನುವುದು. ಇದನ್ನು ನಾನು ತಳ್ಳಿಹಾಕುವುದಿಲ್ಲ. 2008ರಲ್ಲಿ ಕೆವಿನ್ ರಡ್ ಸರ್ಕಾರ ನೌರು ಶಿಬಿರ ಮುಚ್ಚಿತು. ಆಮೇಲೆ ದೋಣಿಗಳು ಮತ್ತೆ ಬಂದವು. 2013 ಒಂದರಲ್ಲೇ 20,000ಕ್ಕೂ ಜಾಸ್ತಿ ಜನ ಬಂದರು. ಆ ವರ್ಷಗಳಲ್ಲಿ ಸಮುದ್ರದಲ್ಲಿ ಸತ್ತವರು ಸಾವಿರಕ್ಕೂ ಹೆಚ್ಚು. 2010ರ ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ದ್ವೀಪದ ಬಂಡೆಗಳಿಗೆ ಒಂದು ದೋಣಿ ಅಪ್ಪಳಿಸಿತು. ಅಲ್ಲಿನ ಜನ ಬಂಡೆಯ ಮೇಲೆ ನಿಂತು ಲೈಫ್ ಜಾಕೆಟ್ ಎಸೆಯುತ್ತಿದ್ದರು. ಕಣ್ಣೆದುರೇ ಜನ ಮುಳುಗುತ್ತಿದ್ದರು. ದೋಣಿ ವಿಷಯದಲ್ಲಿ ಕಠಿಣವಾಗಿರಬೇಕು ಅಂತ ಅವತ್ತು ಅಳುತ್ತ ಹೇಳಿದವರೂ ಇದ್ದಾರೆ. ಅವರ ಕರುಣೆಯನ್ನು ನಾನು ಅನುಮಾನಿಸುವುದಿಲ್ಲ.

ಆದರೆ ಆಮೇಲೆ ನಡೆದದ್ದು ಬರೀ ಸಾವು ತಪ್ಪಿಸುವ ಕೆಲಸವಲ್ಲ. 2013ರ ಜುಲೈ 19ರಂದು ಅದೇ ರಡ್, ಎರಡನೇ ಸಲ ಪ್ರಧಾನಿಯಾಗಿದ್ದಾಗ, ಇನ್ನು ಮುಂದೆ ದೋಣಿಯಲ್ಲಿ ಬಂದ ಯಾರೂ ಆಸ್ಟ್ರೇಲಿಯಾದಲ್ಲಿ ನೆಲೆಸುವಂತಿಲ್ಲ ಅಂತ ಪ್ರಕಟಿಸಿದರು. ಸೆಪ್ಟೆಂಬರ್‌ನಲ್ಲಿ ಗೆದ್ದ ಟೋನಿ ಅಬಾಟ್ ಸೇನೆಯ ನಾಯಕತ್ವದಲ್ಲಿ ದೋಣಿಗಳನ್ನು ಹಿಂದಕ್ಕೆ ತಳ್ಳಲು ಶುರುಮಾಡಿದರು. ದೋಣಿಗಳು ನಿಂತವು. ಸರಿ. ಆದರೆ ಅಷ್ಟರಲ್ಲಿ ಮತ್ತೆ ತೆರೆದಿದ್ದ ನೌರು ಶಿಬಿರಕ್ಕೂ ಪಪುವಾ ನ್ಯೂಗಿನಿಯ ಮಾನುಸ್ ದ್ವೀಪಕ್ಕೂ ಸಾಗಿಸಿದ ಜನ ಇದ್ದರಲ್ಲ? ಅವರು ಆಗಲೇ ಸಮುದ್ರ ದಾಟಿದವರು. ಇನ್ನು ಮುಳುಗುವ ಅಪಾಯ ಅವರಿಗಿರಲಿಲ್ಲ. ಬೇರೆ ಯಾರೋ ಹೆದರಲಿ ಅಂತ ಇವರನ್ನು ವರ್ಷಗಟ್ಟಲೆ ಅಲ್ಲೇ ಇಟ್ಟರು. ಒಬ್ಬರ ಪಾಡನ್ನು ಇನ್ನೊಬ್ಬರಿಗೆ ಎಚ್ಚರಿಕೆಯ ಬೋರ್ಡ್ ಮಾಡುವುದು ಯಾವ ನ್ಯಾಯ? ನನಗೆ ಇದಕ್ಕೆ ಇವತ್ತಿನವರೆಗೂ ಉತ್ತರ ಸಿಕ್ಕಿಲ್ಲ.

ಅಲ್ಲೂ ಮುಖ ಮುಚ್ಚುವ ಕೆಲಸ ನಡೆದೇ ಇತ್ತು. ಸಮುದ್ರದಲ್ಲಿ ಏನಾಯಿತು ಅಂತ ವರದಿಗಾರರು ಕೇಳಿದರೆ, ನೀರಿನ ಮೇಲಿನ ವಿಷಯ ಹೇಳುವುದಿಲ್ಲ ಅನ್ನುವುದೇ ಉತ್ತರ. 2014ರಲ್ಲಿ ನೌರು ಸರ್ಕಾರ ಪತ್ರಕರ್ತರ ವೀಸಾ ಅರ್ಜಿಯ ಶುಲ್ಕವನ್ನು 200 ಡಾಲರ್‌ನಿಂದ 8,000 ಡಾಲರ್‌ಗೆ ಏರಿಸಿತು. ವೀಸಾ ಸಿಗದಿದ್ದರೂ ಹಣ ವಾಪಸ್ ಇಲ್ಲ. 2015ರಲ್ಲಿ ಆಸ್ಟ್ರೇಲಿಯಾ ಒಂದು ಕಾನೂನು ತಂದಿತು. ಶಿಬಿರದಲ್ಲಿ ಕೆಲಸ ಮಾಡಿದವರು ಅಲ್ಲಿ ಕಂಡದ್ದನ್ನು ಹೊರಗೆ ಹೇಳಿದರೆ ಎರಡು ವರ್ಷದವರೆಗೆ ಜೈಲು. ವೈದ್ಯರು ಜಗ್ಗಲಿಲ್ಲ, ಕೋರ್ಟಿಗೆ ಹೋದರು. 2016ರಲ್ಲಿ ಅವರನ್ನು ಆ ನಿಯಮದಿಂದ ಹೊರಗಿಟ್ಟರು. ಅದೇ ವರ್ಷ ದಿ ಗಾರ್ಡಿಯನ್ ಪತ್ರಿಕೆ ನೌರುವಿನ 2,000ಕ್ಕೂ ಹೆಚ್ಚು ಆಂತರಿಕ ವರದಿಗಳನ್ನು ಪ್ರಕಟಿಸಿತು. ಕಾವಲುಗಾರರು, ಶಿಕ್ಷಕರು, ಸಮಾಜ ಕಾರ್ಯಕರ್ತರು ದಿನದಿನ ಬರೆದಿಟ್ಟ ವರದಿಗಳು. ಹೊಡೆತ, ಕಿರುಕುಳ, ತಮ್ಮನ್ನು ತಾವೇ ಗಾಯ ಮಾಡಿಕೊಂಡವರು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸಂಬಂಧಿಸಿದ್ದವು.

ಮುಖ ಕಂಡ ಮೇಲೆ ಏನಾಯಿತು ನೋಡಿ. 2018ರಲ್ಲಿ ನೌರುವಿನಲ್ಲಿ ಮಕ್ಕಳು ಊಟ ನೀರು ಬಿಟ್ಟು, ಮಾತು ಬಿಟ್ಟು ಮಲಗಿಬಿಡುತ್ತಿದ್ದಾರೆ ಅನ್ನುವ ಸುದ್ದಿ ಹೊರಗೆ ಬಂತು. ಸಾವಿರಾರು ವೈದ್ಯರು ಸಹಿ ಹಾಕಿ ಪ್ರಧಾನಿಗೆ ಪತ್ರ ಬರೆದರು. ಬೀದಿಗೆ ಬಂದವರಲ್ಲಿ ಅಜ್ಜಿಯರೂ ಇದ್ದರು, ಶಾಲೆ ಮಕ್ಕಳೂ ಇದ್ದರು. 2019ರ ಫೆಬ್ರವರಿ ಹೊತ್ತಿಗೆ ಕೊನೆಯ ಮಕ್ಕಳೂ ನೌರು ಬಿಟ್ಟರು. ಕಾನೂನು ಹಾಗೇ ಇತ್ತು. ಜನ ಬದಲಾದರು.

ಬಿಲೋಯೆಲಾ ಊರಿನ ಕತೆಯನ್ನು ಹೇಳಲೇಬೇಕು. ಕ್ವೀನ್ಸ್‌ಲ್ಯಾಂಡ್‌ನ ಒಳನಾಡಿನ ಸಣ್ಣ ಊರು. ಕಲ್ಲಿದ್ದಲು, ದನ, ಮಾಂಸದ ಕಾರ್ಖಾನೆ. ಕಠಿಣ ಗಡಿ ನೀತಿಯ ಪಕ್ಷಗಳಿಗೇ ಹೆಚ್ಚು ವೋಟು ಬೀಳುವ ಕಡೆ. ಅಲ್ಲಿ ಒಂದು ಶ್ರೀಲಂಕಾ ತಮಿಳು ಕುಟುಂಬ ಇತ್ತು. ಗಂಡ ಹೆಂಡತಿ ಬೇರೆ ಬೇರೆ ದೋಣಿಯಲ್ಲಿ ಬಂದವರು, ಇಲ್ಲಿ ಮದುವೆಯಾದವರು. ಇಬ್ಬರು ಹೆಣ್ಣುಮಕ್ಕಳು ಇಲ್ಲೇ ಹುಟ್ಟಿದವರು. 2018ರ ಮಾರ್ಚ್‌ನಲ್ಲಿ ಒಂದು ದಿನ ಬೆಳಗಿನ ಜಾವ ಅಧಿಕಾರಿಗಳು ಬಂದು ನಾಲ್ವರನ್ನೂ ಕರೆದೊಯ್ದರು. ಚಿಕ್ಕ ಮಗುವಿಗೆ ಒಂಬತ್ತು ತಿಂಗಳು.

ಊರಿನವರು ಸುಮ್ನೆ ಕೂರಲಿಲ್ಲ. ಅವರಿಗೆ ಇವರು ಬೋಟ್ ಪೀಪಲ್ ಅಲ್ಲ, ಪಕ್ಕದ ಬೀದಿಯವರು. ಒಟ್ಟಿಗೆ ಕೆಲಸ ಮಾಡಿದವರು. ಊರಿನ ಹೆಂಗಸರು ಮುಂದೆ ನಿಂತು ನಾಲ್ಕು ವರ್ಷ ಹೋರಾಡಿದರು. 2019ರ ಆಗಸ್ಟ್‌ನಲ್ಲಿ ಕುಟುಂಬವನ್ನು ವಾಪಸ್ ಕಳಿಸಲು ವಿಮಾನ ಹೊರಟೇಬಿಟ್ಟಿತ್ತು. ಕೋರ್ಟಿನ ತಡೆ ಬಂದು ಅದನ್ನು ಡಾರ್ವಿನ್‌ನಲ್ಲಿ ಇಳಿಸಬೇಕಾಯಿತು. ಆಮೇಲೆ ಕ್ರಿಸ್‌ಮಸ್ ದ್ವೀಪ. ಸರ್ಕಾರ ಬದಲಾದ ಮೇಲೆ, 2022ರ ಜೂನ್‌ನಲ್ಲಿ, ನಾಲ್ವರೂ ಬಿಲೋಯೆಲಾಗೆ ವಾಪಸ್ ಬಂದರು. ಅದಾಗಿ ಎರಡೇ ದಿನಕ್ಕೆ ಚಿಕ್ಕ ಹುಡುಗಿಗೆ ಐದು ತುಂಬಿತು. ಕಾವಲಿಲ್ಲದ ಜಾಗದಲ್ಲಿ ಅವಳು ಕಂಡ ಮೊದಲ ಹುಟ್ಟುಹಬ್ಬ ಅದು.

ಆ ಊರಿನಲ್ಲಿ ಎಷ್ಟೋ ಜನ ದೋಣಿ ನಿಲ್ಲಿಸಬೇಕು ಅಂತ ವೋಟು ಹಾಕಿದವರೇ. ಅವರನ್ನು ಎರಡು ನಾಲಿಗೆಯವರು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ದೋಣಿ ಅನ್ನುವುದು ಅವರಿಗೆ ಟಿವಿಯಲ್ಲಿ ಕಂಡದ್ದು. ಕುಟುಂಬ ಅನ್ನುವುದು ಕಣ್ಣಾರೆ ಕಂಡದ್ದು.

ಸರ್ಕಾರ ಬದಲಾದ ಆ 2022ರ ಚುನಾವಣೆಯ ದಿನದ್ದೇ ಇನ್ನೊಂದು ಘಟನೆ ಇದೆ. ಒಂಬತ್ತು ವರ್ಷ ನೀರಿನ ಮೇಲಿನ ವಿಷಯ ಹೇಳುವುದಿಲ್ಲ ಅಂದಿದ್ದರಲ್ಲ? 2022ರ ಮೇ 21, ಮತದಾನ ನಡೆಯುತ್ತಿದೆ. ಶ್ರೀಲಂಕಾದಿಂದ ಬಂದ ದೋಣಿಯನ್ನು ತಡೆದಿದ್ದೇವೆ ಅಂತ ಸರ್ಕಾರ ಅವತ್ತೇ ಪ್ರಕಟಿಸಿತು. ಆಳುವ ಪಕ್ಷದಿಂದ ಮತದಾರರ ಮೊಬೈಲ್‌ಗೆ ಸಂದೇಶ ಹೋಯಿತು. ಹೇಳಬಾರದು ಅಂದಿದ್ದನ್ನು ಹೇಳಿದರು. ಆದರೆ ಹೇಳಿದ್ದು ಒಂದು ದೋಣಿ ಬಂತು ಅಂತ ಮಾತ್ರ. ಅದರಲ್ಲಿದ್ದವರು ಯಾರು, ಯಾಕೆ ಮನೆ ಬಿಟ್ಟರು ಅನ್ನುವುದು ಅಲ್ಲೂ ಇರಲಿಲ್ಲ.

ಹೊಸ ಸರ್ಕಾರ 2023ರ ಫೆಬ್ರವರಿಯಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ಹತ್ತು ವರ್ಷದಿಂದ ತಾತ್ಕಾಲಿಕ ವೀಸಾದಲ್ಲಿದ್ದ ಸುಮಾರು 19,000 ಜನರಿಗೆ ಶಾಶ್ವತ ವೀಸಾದ ಬಾಗಿಲು ತೆರೆಯಿತು. ಆ ವರ್ಷದ ನವೆಂಬರ್‌ನಲ್ಲಿ, ಕಳಿಸಲು ಬೇರೆ ದೇಶವೇ ಇಲ್ಲದವರನ್ನು ಕೊನೆಯಿಲ್ಲದಂತೆ ಕೂಡಿಹಾಕುವುದು ತಪ್ಪು ಅಂತ ಇಲ್ಲಿನ ಅತಿ ದೊಡ್ಡ ನ್ಯಾಯಾಲಯವಾದ ಹೈಕೋರ್ಟ್ ಹೇಳಿತು. ಆ ಮೊಕದ್ದಮೆ ಹೂಡಿದ್ದು ದೋಣಿಯಲ್ಲಿ ಬಂದ ಒಬ್ಬ ರೋಹಿಂಗ್ಯಾ. ಆದರೆ ದೋಣಿಗಳನ್ನು ಹಿಂದಕ್ಕೆ ತಳ್ಳುವುದು, ನೌರು, ಎರಡನ್ನೂ ಈ ಸರ್ಕಾರ ಉಳಿಸಿಕೊಂಡಿತು. ಈ ವಿಷಯದಲ್ಲಿ ಎರಡು ದೊಡ್ಡ ಪಕ್ಷಗಳ ನಡುವೆ ಈಗ ದೊಡ್ಡ ವ್ಯತ್ಯಾಸ ಏನಿಲ್ಲ.

ಹಾಗಾದರೆ ಎಲ್ಲ ದೋಣಿಗಳನ್ನೂ ಬಿಡಬೇಕಾ ಅಂತ ನೀವು ಕೇಳುತ್ತೀರಿ. ಒಂದು ಮಗುವೂ ಆ ದೋಣಿ ಹತ್ತಬಾರದು ಅನ್ನುವುದೇ ನನ್ನ ಆಸೆ. ಅದಕ್ಕೇ ಇಂಡೋನೇಷ್ಯಾದ ಮಾತು ಹೇಳುತ್ತೇನೆ. ಅಲ್ಲಿ ಸಾವಿರಾರು ಜನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಹೆಸರು ಬರೆಸಿ ಕಾಯುತ್ತಿದ್ದಾರೆ. ಕೆಲಸ ಮಾಡುವ ಹಕ್ಕಿಲ್ಲ. ಹತ್ತು ವರ್ಷ ಕಾದವರಿದ್ದಾರೆ. ಕ್ಯೂ ಅಂತ ಒಂದಿದ್ದರೆ ಅದು ಅಲ್ಲಿದೆ. 2014ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾ ಒಂದು ನಿರ್ಧಾರ ಪ್ರಕಟಿಸಿತು. ಆ ವರ್ಷದ ಜುಲೈ 1 ಮತ್ತು ಆಮೇಲೆ ಅಲ್ಲಿ ಹೆಸರು ಬರೆಸಿದವರನ್ನು ನಾವು ಕರೆತರುವುದಿಲ್ಲ ಅಂತ. ಅಂದರೆ ದೋಣಿ ಹತ್ತಬೇಡಿ, ಕ್ಯೂನಲ್ಲಿ ನಿಲ್ಲಿ ಅಂದ ದೇಶವೇ ಆ ಕ್ಯೂನ ಮುಂದಿನ ಕಿಟಕಿ ಮುಚ್ಚಿತು.

ಫ್ರೇಸರ್ ಮಾಡಿದ್ದನ್ನು ಈಗಲೂ ಮಾಡಬಹುದು. ಜಕಾರ್ತಾಕ್ಕೆ ಅಧಿಕಾರಿಗಳನ್ನು ಕಳಿಸಿ. ಅರ್ಜಿಗಳನ್ನು ಅಲ್ಲೇ ನೋಡಿ. ವರ್ಷಕ್ಕೆ ಇಷ್ಟು ಜನ ಅಂತ ಹೇಳಿ, ಹೇಳಿದಷ್ಟು ಜನರನ್ನು ವಿಮಾನದಲ್ಲಿ ಕರೆತನ್ನಿ. 1996ರ ಆ ಗಂಟನ್ನು ಬಿಚ್ಚಿ. ನಿಮ್ಮ ಕ್ಷೇತ್ರದ ಸಂಸದರಿಗೆ ಒಂದು ಪತ್ರ ಬರೆಯಲು ಅರ್ಧ ಗಂಟೆ ಸಾಕು. ಅದರಲ್ಲಿ ಈ ಎರಡೇ ವಿಷಯ ಕೇಳಿ, 2014ರ ಜುಲೈ 1 ಅನ್ನುವ ಆ ದಿನಾಂಕ ಮತ್ತು 1996ರ ಆ ಲೆಕ್ಕ. ಪತ್ರದ ಮಾದರಿಯನ್ನು ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟಿದ್ದೇನೆ. ಒಂದನ್ನು ತೆಗೆದುಕೊಂಡು ಹೋಗಿ, ಆದರೆ ನಿಮ್ಮ ಮಾತಿನಲ್ಲೇ ಬರೆಯಿರಿ.